ಎರಡನೆಯ ಗೋಪುರವನ್ನೂ ಕಟ್ಟಿಸಿ

ಎಲ್ಲರಿಗೂ ನಮಸ್ಕಾರ. ಶಾಲೆಗಳ ವಿಜ್ಞಾನ ಮೇಳಗಳಲ್ಲಿಯೂ ಎಂಜಿನಿಯರಿಂಗ್ ಕಾಲೇಜುಗಳ ಉತ್ಸವಗಳಲ್ಲಿಯೂ ಮತ್ತೆ ಮತ್ತೆ ಕಾಣಸಿಗುವ ಒಂದು ಸ್ಪರ್ಧೆಯ ಬಗ್ಗೆ ಇವತ್ತು ಮಾತನಾಡುತ್ತೇನೆ. ನಾಲ್ಕೈದು ಮಕ್ಕಳ ಒಂದೊಂದು ತಂಡಕ್ಕೆ ಹಳೆಯ ದಿನಪತ್ರಿಕೆಯ ಕೆಲವು ಹಾಳೆಗಳನ್ನೂ ಒಂದು ಮೀಟರ್ ಅಂಟುಪಟ್ಟಿಯನ್ನೂ ಕೊಟ್ಟು, ಯಾವುದರ ಆಸರೆಯೂ ಇಲ್ಲದೆ ನಿಲ್ಲುವ, ತುದಿಯಲ್ಲಿ ಒಂದು ಟೆನಿಸ್ ಚೆಂಡನ್ನು ಹೊರುವ ಗೋಪುರವನ್ನು ಇಪ್ಪತ್ತು ನಿಮಿಷದಲ್ಲಿ ಕಟ್ಟಲು ಹೇಳುತ್ತಾರೆ. ಸಮಯ ಮುಗಿದಾಗ ಅಳತೆಪಟ್ಟಿ ಹಿಡಿದು, ಎಲ್ಲಕ್ಕಿಂತ ಎತ್ತರವಾಗಿ ನಿಂತ ಗೋಪುರಕ್ಕೆ ಬಹುಮಾನ ಕೊಟ್ಟು, ಉಳಿದ ಕಾಗದವನ್ನೆಲ್ಲ ಗುಡಿಸಿ ಹಾಕುತ್ತಾರೆ. ಈ ಕ್ರಮ ವಿನ್ಯಾಸದ ಕಲಿಕೆಯಲ್ಲಿ ಅತ್ಯಂತ ಮುಖ್ಯವಾದ ಭಾಗವನ್ನೇ ಕೈಬಿಡುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದೇ ತಂಡಕ್ಕೆ ಅಷ್ಟೇ ಸಾಮಗ್ರಿಯನ್ನು ಮತ್ತೊಮ್ಮೆ ಕೊಟ್ಟು ಎರಡನೆಯ ಗೋಪುರವನ್ನು ಕಟ್ಟಿಸದ ಸ್ಪರ್ಧೆಯನ್ನು ಎಂಜಿನಿಯರಿಂಗ್ ಪಾಠವೆಂದು ನಾನು ಒಪ್ಪುವುದಿಲ್ಲ.

ಅಮೆರಿಕದ ಬಾಸ್ಟನ್ ನಗರದ ವಿಜ್ಞಾನ ವಸ್ತುಸಂಗ್ರಹಾಲಯವು ಪ್ರಾಥಮಿಕ ಶಾಲೆಗಳಿಗಾಗಿ ರೂಪಿಸಿದ ಪಠ್ಯಕ್ರಮದಲ್ಲಿ ಎಂಜಿನಿಯರಿಂಗ್ ವಿನ್ಯಾಸ ಪ್ರಕ್ರಿಯೆಯನ್ನು ಐದು ಹೆಜ್ಜೆಗಳಲ್ಲಿ ಹೇಳಲಾಗಿದೆ: ಪ್ರಶ್ನಿಸು, ಕಲ್ಪಿಸು, ಯೋಜಿಸು, ರಚಿಸು, ಸುಧಾರಿಸು. ಐದನ್ನೂ ವೃತ್ತಾಕಾರದಲ್ಲಿ ಬರೆಯುತ್ತಾರೆ, ಏಕೆಂದರೆ ಐದನೆಯ ಹೆಜ್ಜೆ ಮತ್ತೆ ಮೊದಲನೆಯದಕ್ಕೆ ಬಂದು ಕೂಡುತ್ತದೆ. ನಮ್ಮ ಸ್ಪರ್ಧೆಗಳು ನಾಲ್ಕಕ್ಕೇ ನಿಲ್ಲುತ್ತವೆ.

ಮೊದಲ ಗೋಪುರ ಬೀಳುವಾಗ ಏನೇನು ನಡೆಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ, ಏಕೆಂದರೆ ಪಾಠವಿರುವುದು ಅಲ್ಲಿ. ದಿನಪತ್ರಿಕೆಯ ಹಾಳೆ ತನ್ನ ಭಾರವನ್ನೇ ತಾಳಲಾರದೆ ಮಡಿಚಿಕೊಳ್ಳುತ್ತದೆ. ಅದನ್ನೇ ಬಿಗಿಯಾಗಿ ಸುತ್ತಿ ಕೊಳವೆ ಮಾಡಿದರೆ ಕಾಗದವೆಲ್ಲ ನಡುವಿನ ಅಕ್ಷದಿಂದ ದೂರ ಸರಿದು ಹರಡಿಕೊಳ್ಳುತ್ತದೆ, ಹಾಗಾಗಿ ಬಾಗುವಿಕೆಯನ್ನು ಎದುರಿಸುವ ಶಕ್ತಿ ಎಷ್ಟೋ ಪಟ್ಟು ಹೆಚ್ಚುತ್ತದೆ. ಇಷ್ಟನ್ನು ಮಕ್ಕಳು ಬೇಗ ಕಂಡುಕೊಳ್ಳುತ್ತಾರೆ. ಆಮೇಲೆ ಅವರು ಒಂದು ಕೊಳವೆಯ ತುದಿಗೆ ಇನ್ನೊಂದನ್ನು ತುರುಕಿ ಉದ್ದನೆಯ ಕಂಬ ಮಾಡುತ್ತಾರೆ, ಚೆಂಡಿಟ್ಟ ಕೂಡಲೇ ಅದು ಪಕ್ಕಕ್ಕೆ ಬಾಗಿ ಕುಸಿಯುತ್ತದೆ. ಹದಿನೆಂಟನೆಯ ಶತಮಾನದ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಇದರ ಲೆಕ್ಕವನ್ನು ಕೊಟ್ಟಿದ್ದಾರೆ: ದಪ್ಪ ಅಷ್ಟೇ ಇದ್ದು ತೆಳುಗಂಬದ ಉದ್ದ ಎರಡು ಪಟ್ಟಾದರೆ, ಬಾಗದೆ ಅದು ಹೊರಬಲ್ಲ ಭಾರ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗೆಯೇ ನಡುಮಧ್ಯದಲ್ಲಿ ಅತ್ತಿತ್ತ ಸರಿಯದಂತೆ ಒಂದು ಅಡ್ಡಕಟ್ಟು ಕೊಟ್ಟರೆ, ಹೊಸ ಕಂಬ ಸೇರಿಸದೆಯೇ ಆ ಶಕ್ತಿ ಮರಳಿ ಬರುತ್ತದೆ. ಆಯ್ಲರ್ ಹೆಸರನ್ನು ಏಳನೆಯ ತರಗತಿಯಲ್ಲಿ ಹೇಳಬೇಕಾಗಿಲ್ಲ. ಕುಸಿದ ಕಂಬ ಎಲ್ಲಿ ಬಾಗಿತು ಎಂದು ಬೆರಳಿಟ್ಟು ತೋರಿಸಲು ಹೇಳಿದರೆ ಸಾಕು, ಅಡ್ಡಕಟ್ಟು ಎಲ್ಲಿ ಬೇಕು ಎಂಬುದನ್ನು ಮಗುವೇ ಹೇಳುತ್ತದೆ.

ಚೌಕಗಳನ್ನು ಪೇರಿಸಿ ಕಟ್ಟಿದ ಗೋಪುರದ ಸಮಸ್ಯೆ ಬೇರೆ. ನಾಲ್ಕು ಮೂಲೆಯ ಅಂಟು ಸಡಿಲವಾದಂತೆ ಚೌಕ ಓರೆಯಾಗಿ ವಾಲುತ್ತದೆ. ತ್ರಿಭುಜ ಹಾಗೆ ವಾಲುವುದಿಲ್ಲ, ಏಕೆಂದರೆ ಮೂರು ಬಾಹುಗಳ ಉದ್ದ ಬದಲಾಗದೆ ಅದರ ಆಕಾರ ಬದಲಾಗಲು ಸಾಧ್ಯವೇ ಇಲ್ಲ. ಚೌಕದೊಳಗೆ ಮೂಲೆಯಿಂದ ಮೂಲೆಗೆ ಒಂದು ಓರೆಗಟ್ಟು ಕೊಟ್ಟರೆ ಎರಡು ತ್ರಿಭುಜಗಳಾಗುತ್ತವೆ. ಆ ಓರೆಗಟ್ಟಿಗೆ ಕೊಳವೆಯೇ ಆಗಬೇಕೆಂದೇನಿಲ್ಲ. ಅಂಟುಪಟ್ಟಿ ಎಳೆತವನ್ನು ಚೆನ್ನಾಗಿ ತಡೆಯುವುದರಿಂದ ಎರಡು ಮೂಲೆಗಳ ನಡುವೆ ಅದನ್ನೇ ಬಿಗಿಯಾಗಿ ಎಳೆದು ಅಂಟಿಸಬಹುದು, ಆದರೆ ಅದು ಒಂದೇ ದಿಕ್ಕಿನ ವಾಲುವಿಕೆಯನ್ನು ತಡೆಯುತ್ತದೆಯಾದ್ದರಿಂದ ಎದುರು ಮೂಲೆಗಳಿಗೂ ಇನ್ನೊಂದು ಬೇಕು. ಇನ್ನು, ಚೆಂಡು ತುದಿಗೆ ಏರಿದಾಗ ಇಡೀ ರಚನೆಯ ಗುರುತ್ವ ಕೇಂದ್ರವೂ ಮೇಲಕ್ಕೇರುತ್ತದೆ. ಬುಡ ಕಿರಿದಾಗಿದ್ದರೆ ಸ್ವಲ್ಪವೇ ವಾಲಿದರೂ ಆ ಕೇಂದ್ರದಿಂದ ಇಳಿಯುವ ಲಂಬರೇಖೆ ಬುಡದ ಹೊರಗೆ ಬೀಳುತ್ತದೆ, ಗೋಪುರ ಉರುಳುತ್ತದೆ. ಇವೆಲ್ಲವೂ ಪಠ್ಯಪುಸ್ತಕದಲ್ಲಿರುವ ವಿಷಯಗಳೇ. ಆದರೆ ತಾನು ಕಟ್ಟಿದ್ದು ಏಕೆ ಬಿತ್ತು ಎಂದು ತಿಳಿದು ಅದನ್ನು ಮತ್ತೆ ಕಟ್ಟಲು ಅವಕಾಶ ಸಿಕ್ಕಿದ ಮಗುವಿಗೆ ಮಾತ್ರ ಅವು ಕೈಗೆ ಬರುತ್ತವೆ.

ಈ ಬಗೆಯ ಸವಾಲುಗಳಲ್ಲಿ ಬಹಳ ಪ್ರಸಿದ್ಧವಾದದ್ದು ವಿನ್ಯಾಸಕಾರ ಪೀಟರ್ ಸ್ಕಿಲ್‌ಮನ್ ರೂಪಿಸಿದ ಮಾರ್ಷ್‌ಮ್ಯಾಲೋ ಸವಾಲು. ಸ್ಪಗೆಟ್ಟಿ ಎಂಬ ಒಣ ಶಾವಿಗೆಯಂಥ ಇಪ್ಪತ್ತು ಕಡ್ಡಿ, ಒಂದು ಗಜ ಅಂಟುಪಟ್ಟಿ, ಒಂದು ಗಜ ದಾರ, ತುದಿಗೆ ಇಡಲು ಮಾರ್ಷ್‌ಮ್ಯಾಲೋ ಎಂಬ ಮೆತ್ತನೆಯ ಮಿಠಾಯಿ, ಹದಿನೆಂಟು ನಿಮಿಷ ಸಮಯ. ಟಾಮ್ ವುಜೆಕ್ 2010ರಲ್ಲಿ ಟೆಡ್ ಎಂಬ ಭಾಷಣ ವೇದಿಕೆಯಲ್ಲಿ ಇದರ ಬಗ್ಗೆ ಮಾತನಾಡಿದ ಮೇಲೆ, ಶಿಶುವಿಹಾರದ ಮಕ್ಕಳು ವಾಣಿಜ್ಯ ನಿರ್ವಹಣೆಯ ಪದವೀಧರರನ್ನು ಮೀರಿಸುತ್ತಾರೆ ಎಂಬ ಮಾತು ಎಲ್ಲೆಡೆ ಹಬ್ಬಿತು. ಪದವೀಧರರು ಒಂದೇ ಯೋಜನೆಯನ್ನು ಹಿಡಿದು ಕೊನೆಯ ಕ್ಷಣದಲ್ಲಿ ಮಿಠಾಯಿಯನ್ನು ತುದಿಗೆ ಇಡುತ್ತಾರೆ, ಮಕ್ಕಳು ಮೊದಲಿನಿಂದಲೂ ಮಿಠಾಯಿಯನ್ನು ಇಟ್ಟಿಟ್ಟು ನೋಡುತ್ತಾ ಕಟ್ಟುತ್ತಾರೆ ಎಂಬುದು ವುಜೆಕ್ ಕೊಟ್ಟ ಕಾರಣ. ಇದನ್ನು ಉಲ್ಲೇಖಿಸುವ ಅನೇಕರು ಅದೇ ಭಾಷಣದ ಇನ್ನೊಂದು ಸಂಗತಿಯನ್ನು ಬಿಟ್ಟುಬಿಡುತ್ತಾರೆ: ಎಲ್ಲಕ್ಕಿಂತ ಎತ್ತರದ ಗೋಪುರಗಳನ್ನು ಕಟ್ಟಿದವರು ವಾಸ್ತುಶಿಲ್ಪಿಗಳು ಮತ್ತು ಎಂಜಿನಿಯರುಗಳು. ಮಕ್ಕಳನ್ನು ಸುಮ್ಮನೆ ಆಡಲು ಬಿಟ್ಟರೆ ಎಲ್ಲವೂ ತಾನಾಗಿಯೇ ಬರುತ್ತದೆ ಎಂಬ ವಾದಕ್ಕೆ ಈ ಸವಾಲು ಪುರಾವೆಯಲ್ಲ. ತ್ರಿಭುಜದ ಗುಣವನ್ನು ತಿಳಿದಿರುವುದೂ ಬೇಕು, ಕಟ್ಟುತ್ತಲೇ ಪರೀಕ್ಷಿಸುವುದೂ ಬೇಕು. ಮೊದಲ ಸುತ್ತಿಗೂ ಎರಡನೆಯ ಸುತ್ತಿಗೂ ನಡುವಿನ ಐದು ನಿಮಿಷವೇ ಶಿಕ್ಷಕರು ಆ ತಿಳಿವನ್ನು ಕೊಡಲು ತಕ್ಕ ಸಮಯ, ಏಕೆಂದರೆ ಆಗ ಮಕ್ಕಳು ಉತ್ತರಕ್ಕಾಗಿ ಕಾಯುತ್ತಿರುತ್ತಾರೆ.

ಇದಕ್ಕೆಲ್ಲ ಪ್ರಯೋಗಾಲಯ ಬೇಕು, ಹಣ ಬೇಕು ಎನ್ನುವವರಿದ್ದಾರೆ. ನೀತಿ ಆಯೋಗದ ಅಡಿಯಲ್ಲಿ 2016ರಿಂದ, ಮಕ್ಕಳು ತಾವೇ ಮಾದರಿಗಳನ್ನು ಮಾಡಿ ನೋಡುವ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳು ಶಾಲೆಗಳಿಗೆ ಬಂದಿವೆ, ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ, ಇನ್ನೂ 50,000 ಪ್ರಯೋಗಾಲಯಗಳನ್ನು ಸರ್ಕಾರಿ ಶಾಲೆಗಳಲ್ಲಿ ತೆರೆಯುವುದಾಗಿ 2025ರ ಕೇಂದ್ರ ಬಜೆಟ್ ಘೋಷಿಸಿದೆ. ಇದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಮೊದಲ ಮಾದರಿಯನ್ನೇ ಕೊನೆಯ ಮಾದರಿ ಎಂದು ಭಾವಿಸುವ ಅಭ್ಯಾಸ ಉಳಿದುಬಿಟ್ಟರೆ ಅಲ್ಲಿನ ಮೂರು ಆಯಾಮದ ಮುದ್ರಣ ಯಂತ್ರವೂ ಅದೇ ಅಭ್ಯಾಸವನ್ನೇ ಬೆಳೆಸುತ್ತದೆ. ಹಳೆಯ ಪೇಪರು ಪ್ರತಿ ಊರಿನಲ್ಲೂ ಸಿಗುತ್ತದೆ.

ಎತ್ತರದ ರಚನೆಗಳು ನಮ್ಮ ನಾಡಿಗೆ ಹೊಸತಲ್ಲ. ಆನೇಕಲ್ ತಾಲ್ಲೂಕಿನ ಹುಸ್ಕೂರು ಮದ್ದೂರಮ್ಮ ಜಾತ್ರೆಗೆ ಸುತ್ತಲಿನ ಹಳ್ಳಿಗಳಿಂದ ನೂರು ಅಡಿಗೂ ಮೀರಿದ ತೇರುಗಳು ಬರುತ್ತವೆ. 2024ರ ಏಪ್ರಿಲ್‌ನಲ್ಲಿ ಅಂಥ ಒಂದು ತೇರು ದಾರಿಯಲ್ಲೇ ಉರುಳಿದ್ದನ್ನು ನಾವೆಲ್ಲ ವಿಡಿಯೊಗಳಲ್ಲಿ ನೋಡಿದೆವು. 2025ರ ಮಾರ್ಚ್‌ನಲ್ಲಿ ಗಾಳಿ ಮಳೆಯ ನಡುವೆ ತೇರುಗಳು ಮತ್ತೆ ಉರುಳಿದವು, ಆಗ ಜೀವಹಾನಿಯೂ ಆಯಿತು. ತೇರು ಕಟ್ಟುವವರ ಕೈಚಳಕವನ್ನು ನಾನು ಗೌರವಿಸುತ್ತೇನೆ. ನನಗೆ ಕಾಡುವ ಪ್ರಶ್ನೆ ಬೇರೆ: ವರ್ಷ ವರ್ಷವೂ ಮತ್ತೆ ಕಟ್ಟುವ ರಚನೆಯಲ್ಲಿ, ಹಿಂದಿನ ವರ್ಷ ಉರುಳಿದ್ದು ಎಷ್ಟು ವಾಲಿದಾಗ, ಯಾವ ಕಡೆಯ ಗಾಳಿಗೆ, ಯಾವ ಹಗ್ಗ ಸಡಿಲವಾದಾಗ ಎಂಬುದನ್ನು ಅಳೆದು ಬರೆದಿಟ್ಟು ಮುಂದಿನ ವರ್ಷದ ಎತ್ತರವನ್ನೂ ಬುಡದ ಅಗಲವನ್ನೂ ಅದರ ಮೇಲೆ ತೀರ್ಮಾನಿಸುವ ಕ್ರಮವನ್ನು ನಮ್ಮ ಎಂಜಿನಿಯರಿಂಗ್ ಕಾಲೇಜುಗಳು ಆ ಊರಿನವರೊಂದಿಗೆ ಕುಳಿತು ಏಕೆ ರೂಪಿಸಬಾರದು?

ತರಗತಿಯ ಮಟ್ಟದಲ್ಲಿ ನನ್ನ ಸಲಹೆ ಹೀಗಿದೆ. ನಲವತ್ತು ನಿಮಿಷದ ಒಂದು ಅವಧಿಯಲ್ಲಿ ಹನ್ನೆರಡು ನಿಮಿಷ ಮೊದಲ ಗೋಪುರಕ್ಕೆ, ನಂತರ ಚೆಂಡಿಟ್ಟು ನೋಡಿ ಬರೆಯಲು ಸ್ವಲ್ಪ ಹೊತ್ತು, ಉಳಿದದ್ದು ಎರಡನೆಯ ಗೋಪುರಕ್ಕೆ. ಪ್ರತಿ ತಂಡವೂ ಒಂದು ಹಾಳೆಯಲ್ಲಿ ಮೂರು ವಾಕ್ಯ ಬರೆಯಬೇಕು: ಮೊದಲನೆಯದು ಎಲ್ಲಿ ಸೋತಿತು, ಈಗ ಏನನ್ನು ಬದಲಿಸುತ್ತಿದ್ದೇವೆ, ಅದರಿಂದ ಏನಾಗುತ್ತದೆಂದು ನಿರೀಕ್ಷಿಸುತ್ತೇವೆ. ಸಾಧ್ಯವಾದರೆ ಒಂದೇ ಬದಲಾವಣೆ ಮಾಡಲಿ, ಇಲ್ಲದಿದ್ದರೆ ಫಲ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ. ಅಂಕಗಳಲ್ಲಿ ಅರ್ಧ ಎತ್ತರಕ್ಕೆ, ಅರ್ಧ ಆ ಹಾಳೆಗೆ ಇರಲಿ. ಎರಡನೆಯ ಗೋಪುರ ಮೊದಲನೆಯದಕ್ಕಿಂತ ಗಿಡ್ಡವಾದರೂ, ಏಕೆ ಹಾಗಾಯಿತೆಂದು ತಂಡ ಸರಿಯಾಗಿ ಗುರುತಿಸಿದ್ದರೆ ಆ ಅರ್ಧ ಅಂಕವನ್ನು ಪೂರ್ಣವಾಗಿ ಕೊಡಿ.