ಗುರುತು ಹಾಕಿ ಬಿಚ್ಚಿದ ಮನೆ

ಕೇಳುಗರಿಗೆಲ್ಲ ನಮಸ್ಕಾರ.

ಇಂಗ್ಲೆಂಡಿನ ಗ್ರೇಟ್ ಏಟನ್ ಎಂಬ ಹಳ್ಳಿಯಲ್ಲಿ ಒಂದು ಪುಟ್ಟ ಮನೆಯಿತ್ತು. ಕಟ್ಟಿದ್ದು 1755ರಲ್ಲಿ. ಹಡಗಿನ ಕ್ಯಾಪ್ಟನ್ ಜೇಮ್ಸ್ ಕುಕ್ ಇದ್ದನಲ್ಲ, ಅವನ ತಂದೆತಾಯಿಯ ಮನೆ. 1934ರಲ್ಲಿ ಆ ಮನೆಯೇ ಹಡಗು ಹತ್ತಿ ಆಸ್ಟ್ರೇಲಿಯಾದ ಮೆಲ್ಬರ್ನ್‌ಗೆ ಹೋಯಿತು. ಪೂರಾ ಬಿಚ್ಚಿ 253 ಪೆಟ್ಟಿಗೆ, 40 ಪೀಪಾಯಿಗಳಲ್ಲಿ ತುಂಬಿದ್ದರು. ಗೋಡೆಗೆ ಹಬ್ಬಿದ್ದ ಬಳ್ಳಿಯ ತುಂಡನ್ನೂ ಬಿಡದೆ ಒಯ್ದರು. ಈಗಲೂ ಅಲ್ಲಿನ ಒಂದು ಉದ್ಯಾನದಲ್ಲಿ ಆ ಮನೆ ನಿಂತಿದೆ.

ಹಳೆಯ ಮನೆಯನ್ನು ಒಡೆಯದೆ, ಬಿಚ್ಚಿ ಇನ್ನೊಂದು ಜಾಗದಲ್ಲಿ ನಿಲ್ಲಿಸುವುದು ಹೇಗೆ ಅಂತ ಇವತ್ತು ಮಾತಾಡೋಣ.

ಬಿಚ್ಚದೆ ಇಡಿಯಾಗಿ ಸಾಗಿಸುವ ದಾರಿಯೂ ಇದೆ. ಸ್ವೀಡನ್ನಿನ ಕಿರುನಾ ಊರಿನ ಕೆಳಗೆ ಕಬ್ಬಿಣದ ಗಣಿ. ನೆಲ ಕುಸಿಯುತ್ತಿದೆ. ಹಾಗಾಗಿ 1912ರ ಮರದ ಚರ್ಚನ್ನು 2025ರ ಆಗಸ್ಟ್‌ನಲ್ಲಿ ಹಾಗೆಯೇ ಎತ್ತಿ, ಸುಮಾರು 5 ಕಿಲೋಮೀಟರ್ ದೂರಕ್ಕೆ ಎರಡು ದಿನದಲ್ಲಿ ಸಾಗಿಸಿದರು. ತೂಕ 672 ಟನ್. ಅದಕ್ಕಾಗಿ ರಸ್ತೆಯನ್ನೇ ಅಗಲ ಮಾಡಬೇಕಾಯಿತು. ಒಬ್ಬರ ಮನೆಗೆ ಅಷ್ಟೆಲ್ಲ ಸಿಗುವುದಿಲ್ಲ ಅಲ್ವಾ? ಹೆಚ್ಚಿನವರಿಗೆ ಬಿಚ್ಚಿ ಕಟ್ಟುವುದೇ ದಾರಿ.

ಎಲ್ಲ ಮನೆಯೂ ಬಿಚ್ಚಲು ಬರುವುದಿಲ್ಲ. ಸುಣ್ಣದ ಗಾರೆ ಮೆದು, ತಟ್ಟಿದರೆ ಇಟ್ಟಿಗೆಯನ್ನು ಬಿಟ್ಟುಕೊಡುತ್ತದೆ. ಮಣ್ಣಿನದೂ ಹಾಗೆಯೇ. ಸಿಮೆಂಟು ಬಿಡುವುದಿಲ್ಲ, ಇಟ್ಟಿಗೆಯೇ ಒಡೆಯುತ್ತದೆ. ಬಿಚ್ಚಲು ಎಲ್ಲಕ್ಕಿಂತ ಚೆನ್ನ ಮರದ ಕಂಬ, ತೊಲೆಗಳ ಮನೆ. ಒಂದು ಮರದ ತುದಿಯ ನಾಲಿಗೆ ಇನ್ನೊಂದರ ತೂತಿನೊಳಗೆ ಕೂತಿರುತ್ತದೆ. ಅಡ್ಡಕ್ಕೆ ಒಂದು ಮರದ ಗೂಟ. ಗೂಟ ಬಡಿದವರು ಬಿಚ್ಚುವ ದಾರಿಯನ್ನೂ ಬಿಟ್ಟೇ ಹೋಗಿದ್ದಾರೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮೊದಲ ಹೆಂಚು ತೆಗೆಯುವ ಮುಂಚೆಯೇ ಈ ಕೆಲಸದ ಅರ್ಧ ಮುಗಿದಿರಬೇಕು. ಅಳತೆ ತೆಗೆಯಿರಿ. ನಕ್ಷೆ ಬರೆಯಿರಿ. ಪ್ರತಿ ಮೂಲೆಯ ಫೋಟೋ ತೆಗೆಯಿರಿ. ಆಮೇಲೆ ಸಂದುಗಳಿಗೆ ಗುರುತು. ಸಂದು ಅಂದರೆ ಎರಡು ಮರ ಸೇರುವ ಜಾಗ. ಸೇರುವ ಎರಡೂ ಮರಗಳಿಗೆ ಒಂದೇ ಸಂಖ್ಯೆ ಕೊಡಿ, ಅದನ್ನು ನಕ್ಷೆಯಲ್ಲೂ ಬರೆಯಿರಿ. ಮರದ ಯಾವ ಮುಖ ಯಾವ ದಿಕ್ಕಿಗಿತ್ತು ಎಂಬುದೂ ಬೇಕು.

ಇಷ್ಟೊಂದು ಯಾಕೆ? ಕೈಯಿಂದ ಕೆತ್ತಿದ ನಾಲ್ಕು ಕಂಬಗಳು ನೋಡಲು ಒಂದೇ ಥರ ಇರುತ್ತವೆ. ಆದರೆ ಪ್ರತಿ ನಾಲಿಗೆಯನ್ನೂ ಅದರದೇ ತೂತಿಗೆ ಕೆತ್ತಿರುತ್ತಾರೆ. ಬದಲಾದರೆ ಒಂದು ಬಿಗಿ, ಇನ್ನೊಂದು ಸಡಿಲ. ಆಗ ಯಾರೋ ಉಳಿ ಹಿಡಿದು ಹೆರೆಯುತ್ತಾರೆ, ತಲೆಮಾರುಗಳಿಂದ ಕೂತಿದ್ದ ಸಂದು ಒಂದು ನಿಮಿಷದಲ್ಲಿ ಹಾಳು. ನನಗೆ ತುಂಬ ಸಂಕಟವಾಗುವುದು ಇಲ್ಲೇ. ಗುರುತನ್ನು ಸೀಮೆಸುಣ್ಣದಲ್ಲಿ ಬರೆಯಬೇಡಿ, ಒಂದು ಮಳೆಗೆ ಹೋಗುತ್ತದೆ. ಚಿಕ್ಕ ತಗಡಿನ ಬಿಲ್ಲೆಯ ಮೇಲೆ ಸಂಖ್ಯೆ ಒತ್ತಿ, ಮುಂದೆ ಕಣ್ಣಿಗೆ ಬೀಳದ ಕಡೆ ಹೊಡೆಯಿರಿ. ಹುಡುಕಿದರೆ ಹಳೆಯ ಬಡಗಿಗಳು ಉಳಿಯಲ್ಲಿ ಕೊರೆದ ಗುರುತುಗಳೂ ಸಿಕ್ಕಾವು. ಅವರಿಗೂ ಇದೇ ಚಿಂತೆ ಇತ್ತು. ಆ ಗುರುತುಗಳನ್ನು ದಯವಿಟ್ಟು ಉಜ್ಜಿ ಅಳಿಸಬೇಡಿ.

ಬಿಚ್ಚುವುದು ಮೇಲಿಂದ. ಹೆಂಚು, ರೀಪು, ಮಾಡಿನ ಮರ, ತೊಲೆ, ಕೊನೆಗೆ ಕಂಬ. ಬಿಚ್ಚುವ ಮೊದಲು ಕಂಬಗಳಿಗೆ ಓರೆಯಾಗಿ ಆಧಾರ ಕೊಡಿ. ಗೂಟವನ್ನು ಗರಗಸದಲ್ಲಿ ಕತ್ತರಿಸದೆ ಸಣ್ಣ ತುದಿಯ ಕಡೆಯಿಂದ ಬಡಿದು ಹೊರಗೆ ತೆಗೆಯಿರಿ. ಇನ್ನೊಂದು ಮಾತು. ಕೊನೆಗೆ ಬಿಚ್ಚಿದ ಕಂಬವೇ ಮೊದಲು ನಿಲ್ಲಬೇಕು. ಅದು ರಾಶಿಯ ಅಡಿಗೆ ಸೇರಿದರೆ ಎಲ್ಲವನ್ನೂ ಮತ್ತೆ ಹೊರಬೇಕಾಗುತ್ತದೆ. ಮರವನ್ನು ನೆಲಕ್ಕೆ ತಾಗಿಸದೆ, ನಡುನಡುವೆ ಪಟ್ಟಿ ಇಟ್ಟು, ಗಾಳಿ ಆಡುವಂತೆ ಜೋಡಿಸಿ. ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿದರೆ ಬೂಷ್ಟು ಹಿಡಿಯುತ್ತದೆ.

ಇನ್ನು ರಿಪೇರಿ. ಮರ ಜಾಸ್ತಿ ಕೊಳೆಯುವುದು ಕಂಬದ ಬುಡದಲ್ಲಿ, ಗೋಡೆಯೊಳಗೆ ಹೂತ ತೊಲೆಯ ತುದಿಯಲ್ಲಿ. ನೀರು ನಿಲ್ಲುವ ಜಾಗಗಳು ಅವೇ. ಬುಡ ಹೋಯಿತೆಂದು ಇಡೀ ಕಂಬ ಎಸೆಯಬೇಡಿ. ಕೊಳೆತಷ್ಟು ಕತ್ತರಿಸಿ, ಅದೇ ಜಾತಿಯ ಒಣಗಿದ ಮರವನ್ನು ಓರೆಗೆ ಕೆತ್ತಿ ಬೆಸೆಯುತ್ತಾರೆ. ಹೊಸ ತುಂಡಿನ ಬಣ್ಣ ಬೇರೆಯಾಗಿ ಕಂಡರೆ ಕಾಣಲಿ. ಯಾವುದು ಹಳೆಯದು, ಯಾವುದು ಹೊಸದು ಅಂತ ಗೊತ್ತಾಗುವುದು ಒಳ್ಳೆಯದೇ. ಗೆದ್ದಲು, ಕೊರೆಯುವ ಹುಳು ಇದ್ದರೆ ಔಷಧಿ ಹೊಡೆಯುವ ಕೆಲಸ ಹೊಸ ಜಾಗಕ್ಕೆ ತರುವ ಮೊದಲೇ ಮುಗಿಯಲಿ.

ಹೊಸ ಜಾಗದಲ್ಲಿ ಮೊದಲು ಮಳೆ ಯಾವ ಕಡೆಯಿಂದ ಹೊಡೆಯುತ್ತದೆ ನೋಡಿ. ಮನೆಯ ಗಟ್ಟಿ ಬೆನ್ನು ಆ ಕಡೆಗಿರಲಿ. ಕಟ್ಟಲು ಬೇಕಾದ ಪರವಾನಗಿ ಕೈಗೆ ಬರುವ ತನಕ ಹಳೆಯ ಮನೆಗೆ ಕೈ ಹಚ್ಚಬೇಡಿ. ತಳಪಾಯ ಹೊಸದೇ ಆಗಬೇಕು, ತೇವ ಮೇಲೇರದಂತೆ ಒಂದು ತಡೆಪದರವೂ ಬೇಕು. ಕಂಬಗಳ ಜಾಗ ಗುರುತಿಸಿದ ಮೇಲೆ ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪು ಹಿಡಿದು ನೋಡಿ. ಎರಡೂ ಅಳತೆ ನಿಮ್ಮ ನಕ್ಷೆಯಲ್ಲಿ ಇದ್ದ ಹಾಗೇ ಬರಬೇಕು. ಹಳೆಯ ಮನೆ ಚೂರು ಸೊಟ್ಟಗಿದ್ದರೆ ಹೊಸ ತಳಪಾಯವೂ ಅಷ್ಟೇ ಸೊಟ್ಟಗಿರಬೇಕು. ಇಲ್ಲವಾದರೆ ಸಂದುಗಳು ಕೂರುವುದಿಲ್ಲ. ವೈರು, ಪೈಪುಗಳನ್ನು ಹೊಸದಾಗಿ ಕಟ್ಟುವ ಗೋಡೆಗಳಲ್ಲಿ ಎಳೆಯಿರಿ, ಹಳೆಯ ತೊಲೆ ಕೊರೆಯಬೇಡಿ. ಹಳೆಯ ಇಟ್ಟಿಗೆಗೆ ಮತ್ತೆ ಸುಣ್ಣದ ಗಾರೆಯೇ ಸರಿ, ಒಳಗಿನ ತೇವ ಅದರ ಮೂಲಕ ಹೊರಗೆ ಹೋಗುತ್ತದೆ.

ಮಾಡು ಹೊದಿಸಿದ ಮೇಲೆ ಅವಸರ ಬೇಡ. ಹೊಸ ಜಾಗದ ಗಾಳಿಗೆ ಮರ ಒಗ್ಗಬೇಕು. ಒಣಹವೆಯಲ್ಲಿ ಅದು ಕುಗ್ಗುತ್ತದೆ, ಗೂಟ ಸಡಿಲವಾಗುತ್ತದೆ. ಒಂದು ಬೇಸಿಗೆ ಕಳೆಯಲಿ. ಆಮೇಲೆ ಬಡಗಿಯನ್ನು ಕರೆದು, ಮರದ ಸುತ್ತಿಗೆಯಿಂದ ಪ್ರತಿ ಗೂಟವನ್ನೂ ಮೆಲ್ಲಗೆ ಬಡಿಸಿ ನೋಡಿ. ಬಿಗಿಯಾಗಿದ್ದರೆ ಗಟ್ಟಿ ಸದ್ದು, ಸಡಿಲವಾಗಿದ್ದರೆ ಟೊಳ್ಳು ಸದ್ದು. ಆ ದಿನ ನಕ್ಷೆಯ ಪುಸ್ತಕ ನಿಮ್ಮ ಕೈಯಲ್ಲಿರಲಿ. ಯಾವ ಸಂದು ಬಿಗಿ ಮಾಡಿಸಿದಿರಿ ಎಂದು ಅದರಲ್ಲೇ ಬರೆದು, ಪುಸ್ತಕವನ್ನು ಆ ಮನೆಯಲ್ಲೇ ಇಡಿ.

ನಮಸ್ಕಾರ.