ಮೀನು, ಬಿಳಿ ಬ್ರೆಡ್ಡು, ಕ್ಯಾರೆಟ್ಟು: ಲೈಡನ್ ಊರಿನ ಅಕ್ಟೋಬರ್ 3

ಎಲ್ಲರಿಗೂ ನಮಸ್ಕಾರ. ಈಗ ಬೆಳಿಗ್ಗೆ ಏಳು ಗಂಟೆ. ಇನ್ನೂ ಕತ್ತಲೆ ಇದೆ, ಅಕ್ಟೋಬರ್ ಬಂತು ಅಂದರೆ ಇಲ್ಲಿ ಸೂರ್ಯನಿಗೂ ಏಳೋಕೆ ಬೇಜಾರು. ನೀವು ಕೇಳುತ್ತಿರುವುದು ನೆದರ್‌ಲ್ಯಾಂಡ್ಸ್‌ನ ಲೈಡನ್ ಊರಿನ ಟೌನ್‌ಹಾಲ್ ಮುಂದೆ ಬಾರಿಸುತ್ತಿರುವ ಬ್ಯಾಂಡು. ಊರನ್ನೆಲ್ಲ ಎಬ್ಬಿಸುವುದೇ ಇದರ ಕೆಲಸ. ಇಷ್ಟು ಹೊತ್ತಿಗೇ ಎಷ್ಟು ಜನ ಸೇರಿದ್ದಾರೆ ನೋಡಿ. ಅರ್ಧ ಜನ ಈಗ ಎದ್ದು ಬಂದವರು, ಇನ್ನರ್ಧ ಜನ ರಾತ್ರಿ ಮಲಗೇ ಇಲ್ಲ. ಯಾರು ಯಾವ ಗುಂಪು ಅಂತ ಮುಖ ನೋಡಿದರೇ ಗೊತ್ತಾಗುತ್ತದೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇದು ದೇಶದ ಹಬ್ಬ ಅಲ್ಲ, ಈ ಒಂದೇ ಊರಿನ ಹಬ್ಬ. ರೈಲಿನಲ್ಲಿ ಕಾಲು ಗಂಟೆ ಹೋದರೆ ಹೇಗ್ ನಗರ, ಅಲ್ಲಿ ಇವತ್ತು ಮಾಮೂಲಿ ದಿನ. ನನ್ನ ಆಫೀಸು ಇರುವುದು ಅಲ್ಲೇ, ಆದ್ದರಿಂದ ನಾನು ರಜೆ ಹಾಕಿದ್ದೇನೆ. ಲೈಡನ್ನಿನಲ್ಲಿ ಮಾತ್ರ ಶಾಲೆಗೆ ರಜೆ, ಯೂನಿವರ್ಸಿಟಿಗೆ ರಜೆ. ಅಕ್ಟೋಬರ್ 3 ಬೇಕು ಅಂತ ನಾನು ಕೇಳಿದಾಗ ಮ್ಯಾನೇಜರ್ ಒಂದು ಪ್ರಶ್ನೆ ಕೂಡ ಕೇಳಲಿಲ್ಲ, "ಓ, ನೀವು ಲೈಡನ್ನಿನವರು ಅಲ್ವಾ" ಅಂದರು. ಹಾಸನದಲ್ಲಿ ಹುಟ್ಟಿ ಬೆಳೆದ ನನ್ನನ್ನು ಲೈಡನ್ನಿನವಳು ಅಂತ ಒಬ್ಬರು ಕರೆದಿದ್ದು ಅದೇ ಮೊದಲು. ಆ ಮಾತಿಗೆ ನಾನು ಬೇಡ ಅನ್ನಲಿಲ್ಲ, ಸುಮ್ನೆ ನಕ್ಕೆ.

ಸರಿ, ಯಾಕೆ ಈ ಹಬ್ಬ?

ಕಥೆ 1574ರದ್ದು. ಆಗ ಈ ನಾಡು ಸ್ಪೇನಿನ ರಾಜ ಎರಡನೇ ಫಿಲಿಪ್‌ನ ಕೈಯಲ್ಲಿತ್ತು, ಜನ ಅವನ ವಿರುದ್ಧ ದಂಗೆ ಎದ್ದಿದ್ದರು. ಆ ವರ್ಷ ಮೇ ತಿಂಗಳ ಕೊನೆಯಲ್ಲಿ ಸ್ಪೇನಿನ ಸೈನ್ಯ ಬಂದು ಲೈಡನ್ನಿಗೆ ಮುತ್ತಿಗೆ ಹಾಕಿತು. ದೊಡ್ಡ ಯುದ್ಧವೇನೂ ಮಾಡಲಿಲ್ಲ. ಸುಮ್ನೆ ಸುತ್ತುವರಿದು ಕೂತರು, ಅಷ್ಟೇ. ಒಳಗಿನವರು ಹಸಿವಿನಿಂದ ತಾವಾಗಿಯೇ ಬಾಗಿಲು ತೆಗೆಯಲಿ ಅಂತ. ಊರಲ್ಲಿ ದವಸ ಮುಗಿಯಿತು, ಮೇಲೆ ಪ್ಲೇಗು ಬೇರೆ. ಊರಿನ ಮೂರರಲ್ಲಿ ಒಂದು ಪಾಲು ಜನ ಸತ್ತರು ಅಂತ ಹೇಳುತ್ತಾರೆ. ನಾಣ್ಯ ಹೊಡೆಯುವುದಕ್ಕೆ ಲೋಹ ಇಲ್ಲದೆ ಚರ್ಚಿನ ಪ್ರಾರ್ಥನೆ ಪುಸ್ತಕಗಳ ಹಾಳೆ ಅಂಟಿಸಿ ಕಾಗದದ ನಾಣ್ಯ ಮಾಡಿದರಂತೆ. ಅದರಲ್ಲಿ ಕೆಲವು ಈಗಲೂ ಉಳಿದಿವೆ. ಹೊರಗಿನ ಸುದ್ದಿ ಬರುತ್ತಿದ್ದದ್ದು ಪಾರಿವಾಳದ ಕಾಲಲ್ಲಿ.

ಮೇಯರ್ ಹೆಸರು ವಾನ್ ಡೆರ್ ವೆರ್ಫ್. ಜನ ರೊಚ್ಚಿಗೆದ್ದು ಊಟ ಕೊಡಿ, ಇಲ್ಲ ಊರು ಬಿಟ್ಟುಕೊಡಿ ಅಂದಾಗ, "ಬೇಕಾದರೆ ನನ್ನ ತೋಳು ಕತ್ತರಿಸಿ ತಿನ್ನಿ, ಊರು ಮಾತ್ರ ಕೊಡಲ್ಲ" ಅಂದನಂತೆ. ಇದು ದಂತಕಥೆ ಇರಬಹುದು ಅಂತ ಇತಿಹಾಸ ಬಲ್ಲವರು ಹೇಳುತ್ತಾರೆ. ಆದರೆ ನನ್ನ ಮಗಳ ಮುಂದೆ ಹಾಗೆ ಹೇಳುವ ಹಾಗಿಲ್ಲ. ಅವಳಿಗೆ ಶಾಲೆಯಲ್ಲಿ ಈ ಕಥೆ ಕಲಿಸಿದ್ದಾರೆ, ಅವಳ ಪ್ರಕಾರ ಅದು ಪೂರ್ತಿ ನಿಜ, ತೋಳು ಎಡಗೈಯದ್ದೋ ಬಲಗೈಯದ್ದೋ ಅನ್ನುವುದೊಂದೇ ಅವಳ ಅನುಮಾನ.

ಇನ್ನು ಊರನ್ನು ಉಳಿಸಿದ್ದು ಹೇಗೆ ಅಂತ ಕೇಳಿ. ಈ ಸೀಮೆಯೆಲ್ಲ ತಗ್ಗು ನೆಲ, ಸುತ್ತ ಏರಿ ಕಟ್ಟಿ ನೀರನ್ನು ತಡೆದಿರುವ ನೆಲ. ದಂಗೆಯ ನಾಯಕ ಆರೆಂಜಿನ ವಿಲಿಯಂ ಕಡೆಯವರು ಆಗಸ್ಟ್‌ನಲ್ಲಿ ತಮ್ಮದೇ ಏರಿಗಳನ್ನು ತಾವೇ ಒಡೆದರು! ಹೊಲ, ಹುಲ್ಲುಗಾವಲು, ಹಳ್ಳಿ ಎಲ್ಲ ಮುಳುಗಿದರೂ ಸರಿ, ನೀರು ಏರಿದರೆ ದೋಣಿ ತಗೊಂಡು ಊರಿನ ತನಕ ಹೋಗಬಹುದು ಅನ್ನುವ ಲೆಕ್ಕ. ಆದರೆ ನೀರು ಸಾಕಷ್ಟು ಏರಲಿಲ್ಲ. ದೋಣಿಗಳು ಅಲ್ಲಲ್ಲೇ ಸಿಕ್ಕಿಕೊಂಡವು, ಒಳಗೆ ಜನ ಸಾಯುತ್ತಲೇ ಇದ್ದರು, ಕೊನೆಗೆ ಅಕ್ಟೋಬರ್ ಹೊತ್ತಿಗೆ ಬಿರುಗಾಳಿ ಎದ್ದು ಸಮುದ್ರದ ನೀರನ್ನು ಒಳಕ್ಕೆ ತಳ್ಳಿತು, ನೀರು ಮೇಲೆ ಬಂತು, ದೋಣಿಗಳು ಹತ್ತಿರ ಬಂದವು, ಅದೇ ರಾತ್ರಿ ಊರಿನ ಕೋಟೆಗೋಡೆಯ ಒಂದು ಭಾಗ ದಡಾರ್ ಅಂತ ಕುಸಿಯಿತು. ಕುಸಿದದ್ದು ಊರಿನ ಗೋಡೆ, ಹೆದರಿ ಓಡಿದ್ದು ಸ್ಪೇನಿನವರು. ಮುಂದೆ ನೀರು, ಹಿಂದೆ ಕತ್ತಲು, ಪಾಪ ಅವರಾದರೂ ಏನು ಮಾಡುತ್ತಾರೆ.

ಬೆಳಿಗ್ಗೆ ದೋಣಿಯವರು ಊರೊಳಗೆ ಬಂದು ಹಸಿದವರಿಗೆ ಕೊಟ್ಟಿದ್ದು ಹೆರಿಂಗ್ ಮೀನು ಮತ್ತು ಬಿಳಿ ಬ್ರೆಡ್. ಇವತ್ತಿಗೂ ಅಕ್ಟೋಬರ್ 3ರ ಬೆಳಿಗ್ಗೆ ಹಿಂದೆ ಸಾಮಾನು ತೂಗುತ್ತಿದ್ದ ಹಳೆಯ ಕಟ್ಟಡದಲ್ಲಿ ಅದನ್ನೇ ಹಂಚುತ್ತಾರೆ. ಇಲ್ಲಿ ನೋಡಿ, ಈ ಸಾಲು ಅದರದ್ದೇ. ಹಬ್ಬ ನಡೆಸುವ ಸಂಘ 1886ರಲ್ಲಿ ಶುರುವಾದದ್ದು, ಅದರ ಸದಸ್ಯರಾದ ಊರಿನವರಿಗೆ ಈ ಮೀನು, ಬ್ರೆಡ್ಡು. ನಾವೂ ಸದಸ್ಯರು. ನಾವು ಮೀನು ತಿನ್ನುವುದಿಲ್ಲ. ಆದರೂ ಸದಸ್ಯರು! ಮೀನು ಪಕ್ಕದ ಮನೆಯವರಿಗೆ, ಬ್ರೆಡ್ಡು ನಮಗೆ.

ಊರಿನಲ್ಲಿರುವ ನನ್ನ ಅತ್ತೆಗೆ ಇದನ್ನೆಲ್ಲ ವಿಡಿಯೋ ಕಾಲ್‌ನಲ್ಲಿ ತೋರಿಸುತ್ತಿದ್ದೆ.

"ಯಾವ ದೇವರ ಹಬ್ಬನಮ್ಮ ಅದು?" ಅಂತ ಕೇಳಿದರು.

"ದೇವರದ್ದಲ್ಲ ಅತ್ತೆ. ನೀರು ಬಂದು ಊರು ಉಳಿದಿದ್ದಕ್ಕೆ ಮಾಡ್ತಾರೆ" ಅಂದೆ.

"ಹಾಗಂದ್ರೆ ಗಂಗಮ್ಮನ ಹಬ್ಬ ಅನ್ನು" ಅಂದರು. ಅಲ್ಲಿಗೆ ಅವರ ಲೆಕ್ಕ ಸರಿಹೋಯಿತು. ಪೂರ್ತಿ ತಪ್ಪು ಅಂತಲೂ ಹೇಳೋಕಾಗಲ್ಲ, ಇವತ್ತು ಇಲ್ಲಿನ ಪೀಟರ್ಸ್‌ಕೆರ್ಕ್ ಚರ್ಚಿನಲ್ಲೂ ಪ್ರಾರ್ಥನೆ ಇದೆ, ಅದು ಅಂದಿನ ಉಪಕಾರ ನೆನೆಯುವ ಪ್ರಾರ್ಥನೆಯೇ.

ಈಗ ಮುಖ್ಯ ವಿಷಯಕ್ಕೆ ಬರೋಣ, ಊಟ. ಸ್ಪೇನಿನವರು ಓಡಿಹೋದ ಮೇಲೆ ಕಾರ್ನೆಲಿಸ್ ಅನ್ನುವ ಒಬ್ಬ ಅನಾಥ ಹುಡುಗ ಅವರ ಬಿಡಾರಕ್ಕೆ ನುಗ್ಗಿ ನೋಡಿದನಂತೆ, ಒಲೆ ಮೇಲೆ ಬಿಟ್ಟುಹೋದ ಪಾತ್ರೆ, ಅದರಲ್ಲಿ ಗೆಡ್ಡೆ, ಮಾಂಸ ಹಾಕಿ ಬೇಯಿಸಿದ ಅಡುಗೆ. ಆ ಬಿಡಾರ ಇದ್ದ ಜಾಗದ ಹೆಸರು ಲಾಮೆನ್‌ಸ್ಖಾನ್ಸ್, ಈಗ ಅದೇ ಹೆಸರಿನ ರೈಲು ನಿಲ್ದಾಣ ಇದೆ. ಆ ಪಾತ್ರೆ ಇದೇ ಅಂತ ಒಂದು ಕಂಚಿನ ಪಾತ್ರೆಯನ್ನು ಲಾಕೆನ್‌ಹಾಲ್ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ, ನೋಡಿ ಬಂದಿದ್ದೇನೆ. ಆ ಅಡುಗೆಯ ಹೆಸರು ಹುಟ್ಸ್‌ಪಾಟ್. ಇವತ್ತು ಊರಿನ ಮನೆಮನೆಯಲ್ಲಿ ಅದೇ.

ಮಾಡುವುದು ಬಹಳ ಸುಲಭ. ಆಲೂಗಡ್ಡೆ, ಕ್ಯಾರೆಟ್, ಈರುಳ್ಳಿ ಒಟ್ಟಿಗೆ ಬೇಯಿಸಿ, ನೀರು ಬಸಿದು, ಬೆಣ್ಣೆ ಹಾಕಿ ಹಿಸುಕುವುದು. ಉಪ್ಪು, ಮೆಣಸು. ಮುಗಿಯಿತು. ಅದರ ಜೊತೆ ದನದ ಮಾಂಸ ಇಡುತ್ತಾರೆ, ಸಸ್ಯಾಹಾರಿಗಳು ಅಂಗಡಿಯಲ್ಲಿ ಕೊಳ್ಳುವಾಗ ಕೇಳಿಕೊಂಡೇ ಕೊಳ್ಳಿ. ಒಂದು ತಮಾಷೆ ಗೊತ್ತಾ, 1574ರಲ್ಲಿ ಇಲ್ಲಿನವರು ಆಲೂಗಡ್ಡೆ ಬೆಳೆಯುತ್ತಲೇ ಇರಲಿಲ್ಲ. ಆ ಪಾತ್ರೆಯಲ್ಲಿ ಇದ್ದಿದ್ದು ಪಾರ್ಸ್‌ನಿಪ್ ಅನ್ನುವ ಬಿಳಿ ಗೆಡ್ಡೆ ಅಂತಾರೆ. ಅಂದರೆ ನಾನೂರೈವತ್ತು ವರ್ಷದ ಸಂಪ್ರದಾಯ ಅಂತ ನಾವು ತಿನ್ನುತ್ತಿರುವುದರಲ್ಲಿ ಅರ್ಧಕ್ಕರ್ಧ ಆಮೇಲೆ ಬಂದಿದ್ದು. ನಮ್ಮ ಹಬ್ಬದ ಅಡುಗೆಯಲ್ಲಿ ಮೆಣಸಿನಕಾಯಿ ಬಂದ ಹಾಗೆ.

ಇದಕ್ಕೆ ಒಗ್ಗರಣೆ ಹಾಕಿದೆಯಾ ಅಂತ ಎಲ್ಲರೂ ಕೇಳುತ್ತೀರಿ, ಗೊತ್ತು. ಇಲ್ಲ, ಹಾಕಲಿಲ್ಲ. ಹಬ್ಬದ ದಿನ ಅವರದ್ದು ಅವರ ಹಾಗೇ ಇರಲಿ ಅಂತ. ಪಕ್ಕದಲ್ಲಿ ಬಾಳಕದ ಮೆಣಸಿನಕಾಯಿ ಕರಿದು ಇಟ್ಟುಕೊಂಡೆ, ಅಷ್ಟು ಸ್ವಾತಂತ್ರ್ಯ ಇರಬೇಕಲ್ಲ.

2024ರಲ್ಲಿ ಒಂದು ಮಜಾ ಆಯಿತು. ಮುತ್ತಿಗೆ ಬಿಟ್ಟು 450 ವರ್ಷ ಅಂತ ಊರೆಲ್ಲ ಜೋರು, ಅದೇ ಅಕ್ಟೋಬರ್ 3ಕ್ಕೆ ನಮ್ಮ ನವರಾತ್ರಿಯ ಮೊದಲ ದಿನವೂ ಬಂತು. ಬೆಳಿಗ್ಗೆ ಬ್ಯಾಂಡು ಕೇಳಿ ಬಂದು, ಸ್ನಾನ ಮಾಡಿ, ಪುಸ್ತಕದ ಶೆಲ್ಫ್ ಖಾಲಿ ಮಾಡಿ, ಬಿಳಿ ಪಂಚೆ ಹಾಸಿ, ಪಟ್ಟದ ಗೊಂಬೆ ಕೂರಿಸಿದೆವು. ಪಕ್ಕದ ಮನೆ ಅಜ್ಜಿ ಹುಟ್ಸ್‌ಪಾಟ್ ತಗೊಂಡು ಬಂದರು, ಮಾಂಸ ಇಲ್ಲದ್ದು, ನಮಗೋಸ್ಕರ ಬೇರೆ ಪಾತ್ರೆಯಲ್ಲಿ ಮಾಡಿದ್ದು. ಇವರನ್ನು ಹೆಸರು ಹಿಡಿದು ಕರೆಯಬೇಕು, ಇಲ್ಲಿ ಹಾಗೇ. ನನಗೆ ಇವತ್ತಿಗೂ ನಾಲಿಗೆ ಏಳುವುದಿಲ್ಲ, ಹೆಸರು ಹೇಳದೆ ಮಾತು ಮುಗಿಸುವ ಕಲೆಯಲ್ಲಿ ನಾನು ಪಳಗಿಬಿಟ್ಟಿದ್ದೇನೆ. ಅಜ್ಜಿ ಗೊಂಬೆ ನೋಡಿ ಇವರು ಯಾರು ಅಂದರು. ರಾಜ, ರಾಣಿ ಅಂದೆ. "ನಮ್ಮ ಇವತ್ತಿನ ಕಥೆಯಲ್ಲಿ ರಾಜನೇ ಶತ್ರು" ಅಂದು ನಕ್ಕರು. ಆಮೇಲೆ ಕನ್ನಡಕ ಹಾಕಿಕೊಂಡು ರಾಣಿಯ ಸೀರೆಯ ಅಂಚು ಪರೀಕ್ಷೆ ಮಾಡಿದರು. ಹಿಂದೆ ಇದು ಬಟ್ಟೆ ನೇಯುವ ಊರು, ಲೈಡನ್ನಿನ ಉಣ್ಣೆ ಬಟ್ಟೆ ಒಂದು ಕಾಲದಲ್ಲಿ ಯೂರೋಪಿಗೆಲ್ಲ ಹೋಗುತ್ತಿತ್ತು.

ಅಜ್ಜಿ ಹೇಳಿದ್ದು ನಿಜ ನೋಡಿ. ರಾಜನನ್ನು ಓಡಿಸಿದ್ದಕ್ಕೆ ಅಕ್ಟೋಬರ್‌ನಲ್ಲಿ ಹಬ್ಬ ಮಾಡುವ ಇದೇ ಜನ ಏಪ್ರಿಲ್ 27ಕ್ಕೆ ಈಗಿನ ರಾಜನ ಹುಟ್ಟುಹಬ್ಬ ಅಂತ ಮೈತುಂಬ ಕಿತ್ತಳೆ ಬಣ್ಣ ಹಾಕಿಕೊಂಡು ಬೀದಿಗೆ ಇಳಿಯುತ್ತಾರೆ. ಅದೂ ಚೆನ್ನಾಗಿರುತ್ತದೆ. ಮಕ್ಕಳು ರಸ್ತೆ ಬದಿ ಚಾದರ ಹಾಸಿ ಹಳೆ ಆಟದ ಸಾಮಾನು ಮಾರುತ್ತಾರೆ, ನನ್ನ ಮಗಳು ಕೊಟ್ಟ ಬೆಲೆಗಿಂತ ಜಾಸ್ತಿಗೆ ಮಾರಿ ಬಂದಿದ್ದಾಳೆ, ಅಪ್ಪನ ಕಡೆ ರಕ್ತ.

ಆದರೆ ನಿಜ ಹೇಳಬೇಕೆಂದರೆ ಇಲ್ಲಿನ ಎಲ್ಲ ಹಬ್ಬವೂ ನಮ್ಮಂಥವರಿಗೆ ಇಷ್ಟು ಸುಲಭವಾಗಿ ಬಾಗಿಲು ತೆಗೆಯುವುದಿಲ್ಲ. ಮಕ್ಕಳಿಗೆ ಉಡುಗೊರೆ ಕೊಡುವ ಡಿಸೆಂಬರ್ 5ರ ಸಿಂಟರ್‌ಕ್ಲಾಸ್ ಹಬ್ಬ, ಆಮೇಲೆ ಕ್ರಿಸ್‌ಮಸ್, ಇವೆಲ್ಲ ಮನೆಯೊಳಗಿನ ಹಬ್ಬ. ಪರದೆ ತೆಗೆದಿಟ್ಟ ದೊಡ್ಡ ಕಿಟಕಿಗಳಲ್ಲಿ ದೀಪ ಕಾಣುತ್ತದೆ, ಜನ ಕಾಣುತ್ತಾರೆ, ಕರೆಯದೆ ಒಳಗೆ ಹೋಗುವ ಹಾಗಿಲ್ಲ. ಕರೆದರೂ ಗಂಟೆ ನೋಡಿಕೊಂಡು ಹೋಗಬೇಕು, ಗಂಟೆ ನೋಡಿಕೊಂಡು ಏಳಬೇಕು. ಹುಟ್ಟುಹಬ್ಬಕ್ಕೆ ಕರೆಯುತ್ತಾರೆ. ಅಲ್ಲಿ ಕುರ್ಚಿಗಳನ್ನು ಸುತ್ತಲೂ ಹಾಕಿರುತ್ತಾರೆ, ನೀವು ಹೋಗಿ ಹುಟ್ಟುಹಬ್ಬದವರಿಗೆ ಮಾತ್ರ ಅಲ್ಲ, ಅವರ ಅಮ್ಮನಿಗೆ, ಗಂಡನಿಗೆ, ಅಕ್ಕನಿಗೆ, ಕೂತಿರುವ ಎಲ್ಲರಿಗೂ ಕೈಕೊಟ್ಟು ಅಭಿನಂದನೆ ಹೇಳಬೇಕು. ಆಮೇಲೆ ಒಂದು ತುಂಡು ಕೇಕು, ಒಂದು ಕಾಫಿ, ಅದೇ ಕುರ್ಚಿ. ಒಳ್ಳೆಯವರೇ, ನನಗೆ ಯಾಕೋ ಅಲ್ಲಿ ಬೆನ್ನು ನೆಟ್ಟಗೆ ಇಟ್ಟುಕೊಂಡು ಕೂರುವುದೇ ಒಂದು ಕೆಲಸ ಅನ್ನಿಸುತ್ತದೆ.

ಅಕ್ಟೋಬರ್ 3 ಹಾಗಲ್ಲ. ಇದಕ್ಕೆ ಕರೆಯೋಲೆ ಬೇಡ, ವಂಶ ಬೇಡ, ಧರ್ಮ ಬೇಡ. ಈ ಊರಲ್ಲಿ ಮನೆ ಇದ್ದರೆ ಹಬ್ಬ ನಿಮ್ಮದು. ಹಿಂದಿನ ಸಂಜೆ, ಅಂದರೆ 2ನೇ ತಾರೀಖು, ಬೀದಿಯಲ್ಲಿ ಮೆರವಣಿಗೆ ನಡೆಯುತ್ತದೆ. ಊರಿನ ಕ್ಲಬ್ಬುಗಳು, ಸಂಘಗಳು, ಬ್ಯಾಂಡುಗಳು ಸಾಲಾಗಿ ಹೋಗುತ್ತವೆ. ಮಗಳು ತನ್ನ ಕ್ಲಬ್ಬಿನ ಜೊತೆ ನಡೆದಳು. ದಾರಿಯುದ್ದಕ್ಕೂ ಕೈ ಬೀಸುತ್ತಿದ್ದವಳು ನಮ್ಮನ್ನು ಕಂಡ ತಕ್ಷಣ ನಾಚಿಕೊಂಡು ಕೈ ಇಳಿಸಿದಳು.

ಈಗ ಮಧ್ಯಾಹ್ನದ ದೊಡ್ಡ ಮೆರವಣಿಗೆ. ಊರಿನ ಮುಖ್ಯ ಬೀದಿ ಬ್ರೇಸ್ಟ್ರಾಟ್ ಪೂರ್ತಿ ಜನ, ಕಾಲಿಡೋಕೆ ಜಾಗ ಇಲ್ಲ. ಹಳೆ ಕಾಲದ ವೇಷ, ಗಾಡಿ, ಬ್ಯಾಂಡು, ಮಧ್ಯೆ ಮಧ್ಯೆ ಏನು ಅಂತಲೇ ಅರ್ಥವಾಗದ ವೇಷಗಳು, ಅದನ್ನು ಯಾರೂ ವಿವರಿಸುವುದೂ ಇಲ್ಲ. ಕೆಂಪು ಬಿಳಿ ಬಾವುಟದಲ್ಲಿ ಎರಡು ಕೀಲಿಕೈ ಇದೆಯಲ್ಲ, ಅದು ಊರಿನ ಗುರುತು. ಅತ್ತ ಕಡೆ ಜಾತ್ರೆ, ತೊಟ್ಟಿಲು, ಬೊಂಬಾಯಿ ಮಿಠಾಯಿ, ಎಣ್ಣೆಯಲ್ಲಿ ಕರಿದು ಸಕ್ಕರೆ ಪುಡಿ ಉದುರಿಸಿದ ಓಲಿಬೊಲ್. ನಮ್ಮವರು ಪ್ರತಿ ವರ್ಷ "ನಮ್ಮ ಕಡೆ ಜಾತ್ರೆ ಬೋಂಡಾದ ಮುಂದೆ ಇದೇನು" ಅಂತ ಹೇಳಿ ಮೂರು ತಿನ್ನುತ್ತಾರೆ.

ಜನ ಹೇಳುವ ಇನ್ನೊಂದು ಕಥೆ. ಊರು ಗಟ್ಟಿಯಾಗಿ ನಿಂತಿದ್ದಕ್ಕೆ ವಿಲಿಯಂ ಬಹುಮಾನ ಕೊಡುತ್ತೇನೆ ಅಂದನಂತೆ, ಕೆಲವು ವರ್ಷ ತೆರಿಗೆ ಮಾಫಿ ಬೇಕೋ, ಯೂನಿವರ್ಸಿಟಿ ಬೇಕೋ? ಊರವರು ಯೂನಿವರ್ಸಿಟಿ ಕೇಳಿದರಂತೆ. ಹೀಗೆ ಕೇಳಿದ್ದು ನಿಜವೋ ಸುಳ್ಳೋ, 1575ರಲ್ಲಿ ಯೂನಿವರ್ಸಿಟಿ ಶುರುವಾದದ್ದಂತೂ ನಿಜ, ಈ ದೇಶದಲ್ಲಿ ಅದೇ ಮೊದಲನೆಯದು. ಇಲ್ಲಿನ ತೆರಿಗೆ ಕಟ್ಟುವವಳಾಗಿ ನನಗೆ ಆ ಆಯ್ಕೆಯ ಬಗ್ಗೆ ಬೇರೆ ಅಭಿಪ್ರಾಯ ಇದೆ, ಇರಲಿ.

ಸಂಜೆಯ ಮೇಲೆ ನನಗೆ ಈ ಹಬ್ಬ ಅಷ್ಟು ಇಷ್ಟವಿಲ್ಲ. ಎಲ್ಲ ಕಡೆ ಬಿಯರು, ಕಾಲಡಿ ಪ್ಲಾಸ್ಟಿಕ್ ಲೋಟ, ಕಾಲುವೆ ಬದಿ ತೂರಾಡುವ ಹುಡುಗರು. ಗಲಾಟೆ ಅಂತೇನೂ ಇರುವುದಿಲ್ಲ, ಆದರೂ ಚಿಕ್ಕ ಮಕ್ಕಳನ್ನು ಕರೆದುಕೊಂಡು ಬರುವವರು ಬೆಳಿಗ್ಗೆ ಬನ್ನಿ, ಮೆರವಣಿಗೆ ನೋಡಿ, ಕತ್ತಲಾಗುವ ಮುಂಚೆ ಹೊರಡಿ. ತಡರಾತ್ರಿ ಪಟಾಕಿ ಸಿಡಿಸುತ್ತಾರೆ, ಅದನ್ನು ನಾವು ನಮ್ಮ ಮನೆ ಬಾಲ್ಕನಿಯಿಂದಲೇ ನೋಡುತ್ತೇವೆ, ಅರ್ಧ ಕಾಣುತ್ತದೆ, ಇನ್ನರ್ಧ ಎದುರಿನ ಕಟ್ಟಡ.

ಆಮ್‌ಸ್ಟರ್‌ಡ್ಯಾಮ್, ಹೇಗ್ ಕಡೆಯಿಂದ ಬರುವ ಕನ್ನಡದವರಿಗೆ ಒಂದೆರಡು ಮಾತು. ಕಾರು ತರಬೇಡಿ, ರೈಲಿಗೆ ಬನ್ನಿ, ನಿಲ್ದಾಣದಿಂದ ನಡೆದೇ ಊರೊಳಗೆ ಹೋಗಬಹುದು. ಛತ್ರಿ ಬಿಡಿ, ಗಾಳಿಗೆ ನಿಲ್ಲಲ್ಲ, ಟೋಪಿ ಇರುವ ಜಾಕೆಟ್ ಹಾಕಿ. ಇನ್ನೊಂದು, ಅಕ್ಟೋಬರ್ 3 ಭಾನುವಾರ ಬಂದರೆ ಹಬ್ಬ ಅವತ್ತು ಮಾಡುವುದಿಲ್ಲ, ಮಾರನೇ ದಿನ ಸೋಮವಾರ ಮಾಡುತ್ತಾರೆ. 2021ರಲ್ಲಿ ಹಾಗೇ ಬಂದಿತ್ತು, 2027ರಲ್ಲೂ ಹಾಗೇ ಬರುತ್ತದೆ. ರಜೆ ಹಾಕುವವರು ನೋಡಿಕೊಂಡು ಹಾಕಿ.