ಲ್ಯುಬ್ಲಿಯಾನಾದಲ್ಲಿ ಒಂದು ದಿನ: ಬ್ಲೆಡ್‌ಗೆ ಓಡುವ ಮೊದಲು ಇಲ್ಲಿ ಇಳೀರಿ

ನಮಸ್ಕಾರ ಎಲ್ಲರಿಗೂ. ಈಗ ನೀವು ನೋಡ್ತಿರೋದು ಒಂದೇ ಜಾಗದಲ್ಲಿ ಅಕ್ಕಪಕ್ಕ ಇರುವ ಮೂರು ಸೇತುವೆ. ಎಡಿಟಿಂಗ್ ಮಾಡಿದ್ದಲ್ಲ, ನಿಜವಾಗ್ಲೂ ಮೂರಿವೆ! ಊರು ಲ್ಯುಬ್ಲಿಯಾನಾ, ಯುರೋಪಿನ ಸ್ಲೊವೇನಿಯಾ ದೇಶದ ರಾಜಧಾನಿ. ಜನಸಂಖ್ಯೆ 3 ಲಕ್ಷದ ಆಸುಪಾಸು, ಅಷ್ಟೇ. ಟೂರಿಸ್ಟ್‌ಗಳಲ್ಲಿ ಎಷ್ಟೋ ಜನ ಇಲ್ಲಿ ಬಸ್ ಬದಲಾಯಿಸಿ ಸೀದಾ ಬ್ಲೆಡ್ ಸರೋವರಕ್ಕೆ ಹೊರಟುಬಿಡುತ್ತಾರೆ. ಬ್ಲೆಡ್ ಚೆನ್ನಾಗಿಲ್ಲ ಅಂತಲ್ಲ, ಆದ್ರೆ ಈ ಊರಿಗೂ ಒಂದು ದಿನ ಕೊಡಬೇಕು.

ಮೂರು ಸೇತುವೆ ಯಾಕೆ ಅಂದ್ರೆ, ನಡುವಿನದು 1842ರ ಕಲ್ಲಿನ ಸೇತುವೆ, ಓಡಾಟ ಜಾಸ್ತಿಯಾದಂತೆ ಅದು ಸಾಲದಾಯಿತು. ಯೋಝೆ ಪ್ಲೆಚ್ನಿಕ್ ಎಂಬ ವಾಸ್ತುಶಿಲ್ಪಿ ಹಳೆಯದನ್ನು ಒಡೆಯಲಿಲ್ಲ, ನಡೆದು ಹೋಗುವವರಿಗೆ ಅಂತ ಎರಡೂ ಪಕ್ಕದಲ್ಲಿ ಒಂದೊಂದು ಸೇರಿಸಿದರು. ಕೆಲಸ ಮುಗಿದಿದ್ದು 1932ರಲ್ಲಿ. ಈ ಹೆಸರು ನೆನಪಿಟ್ಟುಕೊಳ್ಳಿ, ಇಲ್ಲಿ ಎತ್ತ ತಿರುಗಿದರೂ ಅವರ ಕೆಲಸವೇ ಕಣ್ಣಿಗೆ ಬೀಳುತ್ತದೆ. ನದಿ ದಂಡೆಯ ಮಾರ್ಕೆಟ್‌ನ ಕಂಬಗಳ ಸಾಲು ಕೂಡ ಅವರದ್ದೇ. 2021ರಲ್ಲಿ ಯುನೆಸ್ಕೋ ಅವರ ಕೆಲಸಗಳನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು.

ಸೇತುವೆ ಪಕ್ಕದ ಚೌಕದಲ್ಲಿ ನಿಂತಿರೋ ಪ್ರತಿಮೆ ಕವಿ ಫ್ರಾನ್ಸ್ ಪ್ರೆಶೆರೆನ್ ಅವರದ್ದು. ಇಲ್ಲಿನ ರಾಷ್ಟ್ರಗೀತೆಯ ಸಾಲುಗಳು ಈ ಕವಿಯವು. ಶ್ರೀಮಂತ ವ್ಯಾಪಾರಿಯೊಬ್ಬರ ಮಗಳು ಯೂಲಿಯಾಳನ್ನು ಪ್ರೀತಿಸಿದರು, ಆಕೆ ಒಪ್ಪಲಿಲ್ಲ. ಈಗ ಪ್ರತಿಮೆ ನೋಡುತ್ತಿರುವ ದಿಕ್ಕಿಗೆ ಕಣ್ಣು ಹಾಯಿಸಿ, ಎದುರಿನ ಬೀದಿಯ ಹಳದಿ ಮನೆ ಗೋಡೆ ಮೇಲೆ ಕಿಟಕಿಯಿಂದ ಇಣುಕುವ ಹಾಗೆ ಯೂಲಿಯಾ ಮುಖ ಇದೆ. ಪಾಪ, ಕವಿಗೆ ಸತ್ತ ಮೇಲೂ ಬಿಡುಗಡೆ ಇಲ್ಲ ಅಲ್ವಾ?

ಹಾರ್ನ್ ಸದ್ದೇ ಇಲ್ಲ ಅನ್ನೋದು ಗಮನಕ್ಕೆ ಬಂತಾ? ಹಳೆ ಊರಿನ ನಡುಭಾಗಕ್ಕೆ 2007ರಿಂದಲೇ ಕಾರು ಬಿಡೋದು ನಿಲ್ಲಿಸಿದ್ದಾರೆ. ನಡೆಯೋಕೆ ಆಗದವರಿಗೆ ‘ಕವಾಲಿರ್’ ಅನ್ನೋ ಪುಟ್ಟ ಎಲೆಕ್ಟ್ರಿಕ್ ಗಾಡಿ ಇದೆ, ಅದೂ ಪುಕ್ಕಟೆ. ಅಪ್ಪ ಅಮ್ಮನನ್ನು ಕರೆದುಕೊಂಡು ಬರೋರು ಇದನ್ನು ಬರೆದಿಟ್ಟುಕೊಳ್ಳಿ.

ಇನ್ನೊಂದು ಸೇತುವೆ, 1901ರದ್ದು. ನಾಲ್ಕು ಮೂಲೆಗೂ ಹಸಿರು ಬಣ್ಣಕ್ಕೆ ತಿರುಗಿದ ತಾಮ್ರದ ಡ್ರ್ಯಾಗನ್‌ಗಳು. ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ, ನಾನೂ ತೆಗೆಸಿಕೊಂಡೆ, ಮುಂದೆ ಹೋಗೋಣ.

ಊಟಕ್ಕೆ ಶ್ಟ್ರುಕ್ಲಿ. ತೆಳ್ಳಗೆ ಲಟ್ಟಿಸಿದ ಹಿಟ್ಟಿನೊಳಗೆ ಮೆತ್ತನೆ ಚೀಸ್ ತುಂಬಿ, ಸುರುಳಿ ಸುತ್ತಿ, ಬೇಯಿಸಿ, ಮೇಲೆ ಬೆಣ್ಣೆಯಲ್ಲಿ ಹುರಿದ ಬ್ರೆಡ್ ಪುಡಿ ಹಾಕಿ ಕೊಡುತ್ತಾರೆ. ಮಾಂಸ ಇಲ್ಲ, ಆದ್ರೆ ಮೊಟ್ಟೆ ಇರುತ್ತದೆ, ತಿನ್ನದವರು ಕೇಳಿಕೊಳ್ಳಿ. ಖಾರ ಮಾತ್ರ ಸೊನ್ನೆ. ಬ್ಯಾಗಲ್ಲಿ ಚಟ್ನಿಪುಡಿ ಇದ್ದರೆ ಸಂಕೋಚ ಬೇಡ.

ಗುಡ್ಡದ ಮೇಲಿನ ಕೋಟೆಗೆ ಹಳಿ ಮೇಲೆ ಏರುವ ಗಾಡಿ ಇದೆ, ಕೂತು ಫೋನ್ ತೆಗೆಯೋದರೊಳಗೆ ಮೇಲೆ ಬಂದಿರುತ್ತೀರಿ. ನಡೆದೂ ಹತ್ತಬಹುದು. ಕೋಟೆಯ ಅಂಗಳಕ್ಕೆ ಟಿಕೆಟ್ ಇಲ್ಲ. ಆಕಾಶ ತಿಳಿಯಾಗಿದ್ದರೆ ಉತ್ತರಕ್ಕೆ ಆಲ್ಪ್ಸ್ ಕಾಣುತ್ತದೆ.

ನನಗೆ ಇಡೀ ದಿನದಲ್ಲಿ ತುಂಬಾ ಇಷ್ಟವಾಗಿದ್ದು ರಾಷ್ಟ್ರೀಯ ಗ್ರಂಥಾಲಯ. 1895ರ ಭೂಕಂಪದಲ್ಲಿ ಹಾಳಾದ ಅರಮನೆಯೊಂದರ ಜಾಗದಲ್ಲಿ ಪ್ಲೆಚ್ನಿಕ್ ಕಟ್ಟಿದ್ದು. ಹೊರಗೋಡೆಯ ಇಟ್ಟಿಗೆ ನಡುವೆ ಅಲ್ಲಲ್ಲಿ ಒರಟು ಕಲ್ಲುಗಳು ಮುಂದಕ್ಕೆ ಚಾಚಿಕೊಂಡಿವೆ, ಹತ್ತಿರದಿಂದ ನೋಡಿ. ಬಾಗಿಲಿನ ಹಿಡಿ ಕುದುರೆ ತಲೆ! ಅದನ್ನು ಹಿಡಿದು ಒಳಗೆ ಹೋದರೆ ಕಪ್ಪು ಕಲ್ಲಿನ 32 ಕಂಬಗಳು, ನಡುವೆ ಮೆಟ್ಟಿಲು. ಕೆಳಗೆ ಮಬ್ಬುಗತ್ತಲು, ಹತ್ತುತ್ತಾ ಹತ್ತುತ್ತಾ ಓದುವ ಕೋಣೆ ಕಡೆಗೆ ಬೆಳಕು ಜಾಸ್ತಿಯಾಗುತ್ತದೆ. ಪುಸ್ತಕದ ಹತ್ತಿರ ಹೋಗುವವನಿಗೆ ಹೀಗೇ ಅನಿಸಬೇಕು ಅಂತ ಅಳೆದು ಮಾಡಿದ ಲೆಕ್ಕ ಇದು.

ಎರಡೇ ಗಂಟೆ ಟೈಮ್ ಇದ್ದರೆ ಕೋಟೆ ಬಿಡಿ, ಇಲ್ಲಿಗೆ ಬನ್ನಿ. ಆದರೆ ಇದು ವಿದ್ಯಾರ್ಥಿಗಳು ಓದುವ ಜಾಗ, ಓದುವ ಕೋಣೆ ನೋಡೋಕೆ ಪ್ರವಾಸಿಗರಿಗೆ ಯಾವಾಗ ಬಿಡುತ್ತಾರೆ ಅಂತ ಹೊರಡುವ ಮುಂಚೆಯೇ ವಿಚಾರಿಸಿಕೊಳ್ಳಿ.